ಅಲಿಫ್ ಎಷ್ಟು ಚುಕ್ಕಿ ಎತ್ತರ?

(ಕಲಬುರಗಿಯಲ್ಲಿ ಚಿತ್ರಕಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಮೇಲೆ ಫ್ಯಾನ್ ಬೇರೆ ತಿರುಗುತ್ತಿದೆ. ಕಣ್ಣು ಎಳೆದರೆ ಎಳೆಯಲಿ, ನನಗೇನೂ ಬೇಜಾರಿಲ್ಲ. ಡ್ರಾಯಿಂಗ್ ಮಾಸ್ತರಿಗೆ ಕೊನೆಯ ಪೀರಿಯಡ್ ಹೊಸದಲ್ಲ. ಅದನ್ನೂ ಗಣಿತದವರು ಪೋರ್ಷನ್ ಮುಗಿದಿಲ್ಲ ಅಂತ ಕಸಿದುಕೊಳ್ಳುತ್ತಿದ್ದರು. ಇವತ್ತು ಯಾರೂ ಕೇಳಿಲ್ಲ, ಪುಣ್ಯ.

ಬೆಳಿಗ್ಗೆ ಇಲ್ಲಿ ಮಾತಾಡಿದವರೊಬ್ಬರು ಒಂದು ಮಾತು ಹೇಳಿದರು. "ಇಸ್ಲಾಂನಲ್ಲಿ ಚಿತ್ರ ಬರೆಯುವ ಹಾಗಿಲ್ಲ, ಅದಕ್ಕೇ ಅವರು ಅಕ್ಷರವನ್ನು ಅಲಂಕಾರ ಮಾಡಿದರು" ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾಕೆಂದರೆ ನಾನೂ ಇದನ್ನೇ ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೇನೆ. ಎರಡು ಅಂಕದ ಪ್ರಶ್ನೆ ಅಂತ ನೋಟ್ಸ್ ಬರೆಸಿದ್ದೇನೆ. ಸರಿ ಉತ್ತರ ಬರೆದವರಿಗೆ ಅಂಕ ಕಡಿಮೆ ಕೊಟ್ಟಿರಲೂ ಸಾಕು. ಆ ತಪ್ಪನ್ನು ತಿದ್ದಿಕೊಳ್ಳೋಣ ಅಂತಲೇ ಇವತ್ತು ಬಂದಿದ್ದೇನೆ.

ಆ ಮಾತು ಹೇಗಿದೆ ಅಂದರೆ, "ಪಾಪ, ಈ ಕಡೆ ಅಕ್ಕಿ ಸಿಗೋದಿಲ್ಲ, ಅದಕ್ಕೇ ಜೋಳದ ರೊಟ್ಟಿ ತಿಂತಾರೆ" ಅಂತ ಮೈಸೂರಿನ ಕಡೆಯವರು ನಮ್ಮ ಬಗ್ಗೆ ಹೇಳಿದ ಹಾಗೆ. ರೊಟ್ಟಿ ತಟ್ಟುವ ಕೈ ನೋಡಿದವರು ಹಾಗೆ ಹೇಳುತ್ತಾರಾ? ರೊಟ್ಟಿ ಅನ್ನಕ್ಕೆ ಬದಲಿ ಅಲ್ಲ ಸ್ವಾಮಿ. ರೊಟ್ಟಿ ರೊಟ್ಟಿಯೇ.

ಮಸೀದಿಯಲ್ಲಿ, ಕುರಾನ್ ಪ್ರತಿಯಲ್ಲಿ ಮನುಷ್ಯರ ಚಿತ್ರ ಇರುವುದಿಲ್ಲ, ಅದು ನಿಜ. ಆದರೆ ಚಿತ್ರವೇ ಇರಲಿಲ್ಲ ಅನ್ನೋದು ಎಲ್ಲಿಂದ ಬಂತು? ಜೋರ್ಡಾನಿನ ಮರಳುಗಾಡಿನಲ್ಲಿ ಕುಸೈರ್ ಅಮ್ರಾ ಅಂತ ಒಂದು ಚಿಕ್ಕ ಅರಮನೆ ಇದೆ. 8ನೇ ಶತಮಾನದ್ದು. ಒಳಗಿನ ಗೋಡೆಗಳ ಮೇಲೆ ಬೇಟೆಗಾರರು, ಸ್ನಾನ ಮಾಡುವ ಹೆಂಗಸರು, ಆಕಾಶದ ರಾಶಿಗಳು ಎಲ್ಲ ಇವೆ. ಪರ್ಶಿಯದ ಪುಸ್ತಕಗಳ ತುಂಬ ಚಿತ್ರ. ಅಷ್ಟು ದೂರ ಯಾಕೆ, ನಮ್ಮ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಚಿತ್ರಗಳನ್ನು ನೋಡಿಲ್ವಾ? ಕೊರಳಲ್ಲಿ ರುದ್ರಾಕ್ಷಿ ಸರ ಸಮೇತ ಬರೆದಿದ್ದಾರೆ. ಚಿತ್ರ ಬರೆಯುವವರು ಇದ್ದರು, ಬರೆಸುವವರೂ ಇದ್ದರು. ಆದರೂ ಅಕ್ಷರ ಬರೆಯುವವನಿಗೆ ಅವರಿಗಿಂತ ಎತ್ತರದ ಮಣೆ ಹಾಕುತ್ತಿದ್ದರು. ಪ್ರಶ್ನೆ ಇರುವುದು ಅಲ್ಲಿ.

ನೀವು ಬುದ್ಧಿವಂತರು, ನಾಣ್ಯದ ಮಾತು ತೆಗೆಯುತ್ತೀರಿ. ಖಲೀಫ ಅಬ್ದುಲ್ ಮಲಿಕ್ ಮೊದಲು ತನ್ನ ಚಿತ್ರ ಇರುವ ನಾಣ್ಯ ಹೊಡೆಸಿದ. ಕತ್ತಿ ಹಿಡಿದು ನಿಂತ ಚಿತ್ರ. ಆಮೇಲೆ 696-97ರ ಹೊತ್ತಿಗೆ ಚಿತ್ರ ತೆಗೆದು ಬರೀ ಅಕ್ಷರ ಹಾಕಿಸಿದ. "ನೋಡಿ ಸರ್, ಚಿತ್ರದ ಬದಲಿಗೇ ಅಕ್ಷರ ಬಂತಲ್ಲ" ಅನ್ನಬಹುದು. ಒಪ್ಪಿದೆ, ಈ ನಾಣ್ಯ ನನಗೂ ಸ್ವಲ್ಪ ಕಾಟ ಕೊಡುತ್ತದೆ. ಆದರೆ ಖಾಲಿ ಆದ ಜಾಗಕ್ಕೆ ಬಳ್ಳಿ ಹಾಕಬಹುದಿತ್ತು, ನಕ್ಷತ್ರ ಹಾಕಬಹುದಿತ್ತು. ಅಕ್ಷರವೇ ಯಾಕೆ? ಅದೇ ಖಲೀಫ ಅದಕ್ಕೂ ಮುಂಚೆ, 691-92ರಲ್ಲಿ, ಜೆರುಸಲೇಮಿನ "ಬಂಡೆಯ ಮೇಲಿನ ಗುಮ್ಮಟ" (ಡೋಮ್ ಆಫ್ ದ ರಾಕ್) ಅನ್ನುವ ಕಟ್ಟಡದ ಒಳಗೆ ಸುತ್ತಲೂ ಒಂದು ಸಾಲು ಬರೆಸಿದ್ದ. ಬಂಗಾರದ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿದ ಅಕ್ಷರ, ಉದ್ದ ಸುಮಾರು 240 ಮೀಟರ್. ನಾಣ್ಯದಿಂದ ಚಿತ್ರ ಹೋಗುವ ಮೊದಲೇ ಅಕ್ಷರ ಗೋಡೆ ಹತ್ತಿ ಕೂತಿತ್ತು. ರೊಟ್ಟಿ ಮೊದಲಿಂದಲೂ ತಟ್ಟೆಯಲ್ಲೇ ಇತ್ತು.

ಕುರಾನಿನಲ್ಲಿ ಮೊದಲು ಇಳಿದು ಬಂದ ಸಾಲುಗಳು ಅಂತ ನಂಬುವುದು "ಓದು" ಅನ್ನುವ ಮಾತಿನಿಂದ ಶುರುವಾಗುತ್ತವೆ. ದೇವರು ಕಲಮಿನ, ಅಂದರೆ ಲೇಖನಿಯ, ಮೂಲಕ ಕಲಿಸಿದ ಅಂತ ಅಲ್ಲೇ ಬರುತ್ತದೆ. ಒಂದು ಅಧ್ಯಾಯದ ಹೆಸರೇ "ಕಲಂ". ಕೇಳಿದ ಮಾತನ್ನು ಒಂದು ಸ್ವರವೂ ತಪ್ಪದ ಹಾಗೆ ಉಳಿಸಬೇಕು, ಅದಕ್ಕೆ ಕೈಯೂ ಶುದ್ಧ ಇರಬೇಕು. ಬರೆಯುವುದೇ ಪೂಜೆ ಆಯಿತು.

ಕಲಂ ಅಂದೆನಲ್ಲ, ಸುಮ್ನೆ ಒಂದು ಮಾತು. ಊರಲ್ಲಿ ಗಲಾಟೆ ಆದರೆ "ಕಲಂ 144" ಅನ್ನುತ್ತಿದ್ದೆವಲ್ಲ, ಅದು ಇದೇ ಕಲಂ. ಈಗ ಹೊಸ ಕಾನೂನಲ್ಲಿ ನಂಬರ್ ಬದಲಾಗಿದೆ, ಕಲಂ ಮಾತ್ರ ಹಾಗೇ ಇದೆ. ಕಾಗದ, ಶಾಯಿ ಅನ್ನುವ ಮಾತುಗಳು ಪರ್ಶಿಯದಿಂದ ಬಂದವು. ಮಸಿಕುಡಿಕೆಗೆ ನಮ್ಮ ಅಜ್ಜಂದಿರು ಹೇಳುತ್ತಿದ್ದ "ದೌತಿ" ಅರಬ್ಬಿಯದು. ಬರೆಯುವ ಮೇಜಿನ ಮೇಲಿನ ಸಾಮಾನಿನ ಹೆಸರೆಲ್ಲ ಆ ಕಡೆಯದೇ. ಬರೆಯೋದು ಮಾತ್ರ ನಾವು, ಅದೂ ಕಾಗೆ ಕಾಲು ಗುಬ್ಬಿ ಕಾಲು.

ಈಗ ಬೋರ್ಡ್ ನೋಡಿ. ಈ ಸೀಮೆಸುಣ್ಣದ ತುದಿಯನ್ನು ತೇಯ್ದು ಚಪ್ಪಟೆ ಮಾಡಿಕೊಂಡಿದ್ದೇನೆ. ಜೊಂಡಿನ ಕಲಮಿನ ಮೂತಿಯೂ ಹೀಗೇ, ಓರೆಯಾಗಿ ಕತ್ತರಿಸಿರುತ್ತಾರೆ. ಒತ್ತಿ, ಒಂದಿಷ್ಟೇ ಎಳೆದು ಬಿಟ್ಟೆ. ಚುಕ್ಕಿ ಬಿತ್ತು. ದುಂಡಗಿಲ್ಲ, ಅಲ್ವಾ? ಶಂಕರಪಾಳಿ ಆಕಾರ. ಈ ಶಂಕರಪಾಳಿಯೇ ಇಡೀ ವಿದ್ಯೆಯ ಅಳತೆಗೋಲು. ಅಲಿಫ್ ಅಂದರೆ ಅರಬ್ಬಿಯ ಮೊದಲ ಅಕ್ಷರ, ನೆಟ್ಟಗಿನ ಒಂದು ಗೀಟು. ಅದರ ಎತ್ತರ ಎಷ್ಟು? ಇಂಚು, ಮಿಲಿಮೀಟರ್ ಇಲ್ಲ. ಶೈಲಿ ನೋಡಿಕೊಂಡು ಮೂರು ಚುಕ್ಕಿ, ಐದು ಚುಕ್ಕಿ, ಏಳು ಚುಕ್ಕಿ. ಆ ಅಲಿಫನ್ನೇ ವ್ಯಾಸ ಮಾಡಿ ವೃತ್ತ ಎಳೆದರೆ ಉಳಿದ ಅಕ್ಷರಗಳ ಬಾಗು ಅದರೊಳಗೆ ಕೂರುತ್ತದೆ. ಕಲಮು ದಪ್ಪ ಆದರೆ ಚುಕ್ಕಿ ದೊಡ್ಡದು, ಅದರ ಜೊತೆ ಅಕ್ಷರವೂ ದೊಡ್ಡದು. ಅಂಗೈ ಅಗಲದ ಪುಸ್ತಕಕ್ಕೂ ಮಸೀದಿಯ ಗೋಡೆಗೂ ಲೆಕ್ಕ ಒಂದೇ. ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಆದರೆ ರಂಗೋಲಿಯ ಚುಕ್ಕಿ ದಾರಿ ತೋರಿಸುತ್ತದೆ, ಈ ಚುಕ್ಕಿ ಅಳೆಯುತ್ತದೆ.

ನನಗೆ ಇದನ್ನು ಕಲಿಸಿದವರು ಕಾಲೇಜಿನವರಲ್ಲ. ಹುಡುಗನಾಗಿದ್ದಾಗ ಇದೇ ಊರಲ್ಲಿ ಒಬ್ಬ ಉಸ್ತಾದರ ಹತ್ತಿರ ಬೋರ್ಡ್ ಬರೆಯೋಕೆ ಹೋಗುತ್ತಿದ್ದೆ. ಕನ್ನಡ, ಇಂಗ್ಲಿಷ್ ನಾನು, ಉರ್ದು ಅವರು. ಒಂದು ದಿನ ಅವರು ನಮಾಜಿಗೆ ಹೋದಾಗ ಅವರು ಗುರುತು ಹಾಕಿಟ್ಟ ಉರ್ದು ಸಾಲಿಗೆ ನಾನೇ ಬಣ್ಣ ತುಂಬಿದೆ. ಓದೋಕೆ ಬರುತ್ತಿರಲಿಲ್ಲ, ಚಿತ್ರ ಅಂದುಕೊಂಡು ತುಂಬಿದೆ. ಎರಡು ಚುಕ್ಕಿ ಒಟ್ಟಿಗೆ ಇದ್ದದ್ದು ಚೆನ್ನಾಗಿ ಕಾಣಲಿಲ್ಲ, ಒಂದನ್ನು ಕೈಬಿಟ್ಟೆ! ಬಂದು ನೋಡಿದವರು ಹಣೆ ಚಚ್ಚಿಕೊಂಡರು. "ಬೇಟಾ, ನುಕ್ತೆ ಕೆ ಹೇರ್ ಫೇರ್ ಸೆ ಖುದಾ ಜುದಾ ಹೋ ಗಯಾ." ಖುದಾ ಅಂದರೆ ದೇವರು. ಮೇಲಿನ ಚುಕ್ಕಿ ಕೆಳಗೆ ಬಂದರೆ ಜುದಾ, ಅಂದರೆ ಅಗಲಿದವನು. ಹಳೆಯ ಗಾದೆ. ಆಮೇಲೆ ಕೂರಿಸಿಕೊಂಡು ತೋರಿಸಿದರು: ಪದದ ನಡುವೆ ಬರುವ ಒಂದೇ ಒಂದು ಹಲ್ಲಿನಂಥ ಗೀಟು. ಕೆಳಗೆ ಒಂದು ಚುಕ್ಕಿ ಇಟ್ಟರೆ ಬೇ, ಮೇಲೆ ಒಂದಾದರೆ ನೂನ್, ಎರಡಾದರೆ ತೇ, ಮೂರಾದರೆ ಸೇ, ಕೆಳಗೆ ಎರಡಾದರೆ ಯೇ. ಕೂಫಿ ಅನ್ನುವ ಹಳೆಯ ಅರಬ್ಬಿ ಶೈಲಿಯ ಬರಹದಲ್ಲಿ ಎಷ್ಟೋ ಸಲ ಈ ಚುಕ್ಕಿಯೂ ಇಲ್ಲ. ಬಾಯಿಪಾಠ ಇದ್ದವನಿಗೆ ಮಾತ್ರ ಅದು ಓದೋಕೆ ಸಲೀಸು. ಬೋರ್ಡಿನ ಮಾಲೀಕರು ಆ ದಿನದ ಕೂಲಿ ಹಿಡಿದರು, ಅದು ಬೇರೆ ವಿಷಯ.

ಅಳತೆಯ ಈ ಲೆಕ್ಕ ಕಟ್ಟಿದವನು ಇಬ್ನ್ ಮುಕ್ಲಾ ಅನ್ನುತ್ತಾರೆ. 10ನೇ ಶತಮಾನದ ಬಾಗ್ದಾದಿನವನು. ಮೂವರು ಖಲೀಫರಿಗೆ ವಜೀರನಾಗಿದ್ದ. ರಾಜಕೀಯ ಅಂದರೆ ಗೊತ್ತಲ್ಲ, ವೈರಿಗಳು ಬಲಗೈ ಕಡಿಸಿದರು. ಮೋಟುಗೈಗೆ ಕಲಮು ಕಟ್ಟಿಕೊಂಡು ಬರೆದನಂತೆ. 940ರಲ್ಲಿ ಸೆರೆಯಲ್ಲೇ ಸತ್ತ. ಖಂಡಿತವಾಗಿ ಇವನದೇ ಅನ್ನುವ ಒಂದು ಹಾಳೆಯೂ ಉಳಿದಿಲ್ಲ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟ ಇನ್ನೊಬ್ಬನದು.

ಇಬ್ನ್ ಅಲ್-ಬವ್ವಾಬ್. ಬವ್ವಾಬ್ ಅಂದರೆ ಬಾಗಿಲು ಕಾಯುವವನು. ಅವನ ಮಗ ಇವನು, ಜವಾನನ ಮಗ ಅನ್ನಿ. ಮೊದಲು ಇವನ ಕಸುಬೇನು ಗೊತ್ತಾ? ಮನೆಗಳ ಗೋಡೆಗೆ ಚಿತ್ರ ಬರೆಯೋದು. ಆಮೇಲೆ ಪುಸ್ತಕಗಳಿಗೆ ಅಲಂಕಾರ. ಅದೂ ಆದ ಮೇಲೆ ಅಕ್ಷರ. ನೆನಪಿಡಿ, ಇದಕ್ಕೆ ಮತ್ತೆ ಬರುತ್ತೇನೆ.

ಇವನು ಶೀರಾಜಿನಲ್ಲಿ ಬಹಾ ಅಲ್-ದೌಲಾ ಅನ್ನುವ ದೊರೆಯ ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದ. ಒಂದು ದಿನ ಬೇಡದ ಪುಸ್ತಕಗಳ ರಾಶಿಯಲ್ಲಿ ಕಪ್ಪು ರಟ್ಟಿನ ಒಂದು ಸಂಪುಟ ಕೈಗೆ ಸಿಕ್ಕಿತು. ತೆರೆದರೆ ಇಬ್ನ್ ಮುಕ್ಲಾನ ಕೈಬರಹದ ಕುರಾನಿನ ಒಂದು ಭಾಗ! ಎದೆ ಝಲ್ ಅಂದಿರಬೇಕು. ಇಡೀ ಭಂಡಾರ ಜಾಲಾಡಿದ. ಅಲ್ಲೊಂದು ಇಲ್ಲೊಂದು, ಹೀಗೆ 29 ಭಾಗ ಸಿಕ್ಕವು. ಇರಬೇಕಾದದ್ದು 30. ಒಂದು ಇಲ್ಲ. ಎಷ್ಟು ಹುಡುಕಿದರೂ ಇಲ್ಲ.

ದೊರೆ, "ನೀನೇ ಬರೆದು ಪೂರ್ತಿ ಮಾಡು" ಅಂದ. ಇವನು, "ಆಗಲಿ. ಆದರೆ ಯಾವುದು ನನ್ನದು ಅಂತ ನಿಮಗೆ ಗುರುತು ಸಿಗದೆ ಹೋದರೆ ನನಗೆ ಒಂದು ಖಿಲ್ಲತ್ತು, ಅಂದರೆ ಮರ್ಯಾದೆಯ ನಿಲುವಂಗಿ, ಮತ್ತೆ 100 ದಿನಾರ್ ಕೊಡಬೇಕು" ಅಂದ. ಒಪ್ಪಂದ ಆಯಿತು. ಈಗ ಇವನ ಕೆಲಸ ನೋಡಿ. ಭಂಡಾರದಲ್ಲೇ ಅಷ್ಟೇ ಹಳೆಯ ಖಾಲಿ ಕಾಗದ ಹುಡುಕಿದ. ಬರೆದ. ಚಿನ್ನದ ಕೆಲಸ ಮಾಡಿ, ಆ ಚಿನ್ನಕ್ಕೂ ಹಳೆಯ ಕಳೆ ಬರಿಸಿದ. ಇಷ್ಟು ಯಾರಾದರೂ ಚಾಲಾಕಿಗಳು ಮಾಡಿಯಾರು. ಮುಂದಿನದು ಇವನಿಗೇ ಹೊಳೆಯಬೇಕು. ಹಳೆಯ ಒಂದು ಸಂಪುಟದ ರಟ್ಟು ಬಿಚ್ಚಿ ತನ್ನದಕ್ಕೆ ಹಾಕಿದ. ಬತ್ತಲೆ ಆದ ಆ ಅಸಲಿ ಸಂಪುಟಕ್ಕೆ ಹೊಸ ರಟ್ಟು ಹಾಕಿ, ಅದನ್ನು ಹಳತಾಗಿ ಕಾಣಿಸಿದ. ಅಂದರೆ ಯಾರಾದರೂ "ಈ ರಟ್ಟು ಯಾಕೋ ಹೊಸದು" ಅಂತ ಅನುಮಾನ ಪಟ್ಟರೆ ಅವರ ಬೆರಳು ಬೀಳುವುದು ಅಸಲಿ ಇಬ್ನ್ ಮುಕ್ಲಾನ ಮೇಲೆ!

ವರ್ಷ ಆದ ಮೇಲೆ ದೊರೆಗೆ ನೆನಪಾಯಿತು. 30 ಸಂಪುಟ ತಂದಿಟ್ಟ. ದೊರೆ ಒಂದೊಂದೇ ತಿರುವಿ ಹಾಕಿದ. ಗುರುತು ಸಿಗಲಿಲ್ಲ. "ನಿನ್ನದು ಯಾವುದಪ್ಪಾ?" ಅಂತ ಕೇಳಿದರೆ, "ನಿಮಗೆ ಗೊತ್ತಾಗಲಿಲ್ಲ ತಾನೇ? ಹಾಗಾದರೆ ಇದು ಪೂರ್ತಿ ಇಬ್ನ್ ಮುಕ್ಲಾನದೇ. ಗುಟ್ಟು ನಮ್ಮಿಬ್ಬರಲ್ಲೇ ಇರಲಿ" ಅಂದ. ದೊರೆ ಅದನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡ. ದಿನಾರ್? ಕೊಡಲೇ ಇಲ್ಲ. ಇವತ್ತು ನಾಳೆ, ಇವತ್ತು ನಾಳೆ. ನಮ್ಮ ಬಿಲ್ ಪಾಸಾಗುವ ಹಾಗೆ. ಕೊನೆಗೆ ಇವನು ಬೇಸತ್ತು, "ದುಡ್ಡು ಬೇಡ, ಭಂಡಾರದಲ್ಲಿ ಖಾಲಿ ಬಿದ್ದಿರುವ ಹಳೆಯ ಚೀನಾ ಕಾಗದ ಕೊಡಿ" ಅಂದ. ಕೊಟ್ಟರು. ಅದರ ಮೇಲೆ ವರ್ಷಗಟ್ಟಲೆ ಬರೆದನಂತೆ.

ಈ ಕಥೆ ನಾನು ಎಷ್ಟು ಸಲ ಹೇಳಿದ್ದೇನೋ, ನನ್ನ ಹೆಂಡತಿ ಮುಂದಿನ ಸಾಲಲ್ಲೇ ಕೂತಿದ್ದಾಳೆ, ಕೇಳಿ. ಆದರೆ ಇದರಲ್ಲಿ ನನ್ನ ವಾದ ಪೂರ್ತಿ ಇದೆ. ಈ ಮನುಷ್ಯನಿಗೆ ಚಿತ್ರ ಬರುತ್ತಿತ್ತು. ಯಾರೂ ಅವನ ಕುಂಚ ಕಸಿದುಕೊಳ್ಳಲಿಲ್ಲ. ಚಿತ್ರದಿಂದ ಎದ್ದು ಅಕ್ಷರದ ಕಡೆ ತಾನೇ ನಡೆದ. ಅನ್ನದ ಚರಿಗೆ ಎದುರಿಗೇ ಇತ್ತು, ಅವನು ರೊಟ್ಟಿ ಕೇಳಿದ. ಅವನ ಒಂದು ಕುರಾನ್ ಇವತ್ತಿಗೂ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ ಇದೆ. 1000-1001ರಲ್ಲಿ ಬಾಗ್ದಾದಿನಲ್ಲಿ ಬರೆದದ್ದು. ನಮ್ಮ ಶಾಲೆಯ ಚಿಕ್ಕ ನೋಟ್‌ಬುಕ್ಕಿಗಿಂತ ದೊಡ್ಡದೇನಲ್ಲ.

ಚೀಟಿ ಬಂತು. "ಹತ್ತು ನಿಮಿಷ." ನೋಡಿ, ಇನ್ನೂ ಬೀದರಿಗೇ ಹೋಗಿಲ್ಲ ನಾನು.

ಬೀದರ ಬೇಗ ನೋಡೋಣ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ, 1472. ಅದರ ಮುಖದ ಮೇಲೆ ಬಣ್ಣದ ಟೈಲಿನಲ್ಲಿ ಕುರಾನಿನ ಸಾಲಿನ ಒಂದು ಪಟ್ಟಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅರ್ಧ ಕಟ್ಟಡ ಸಿಡಿಮದ್ದಿನ ಸ್ಫೋಟದಲ್ಲಿ ಹೋಯಿತು. ಬಸ್ಸಿನಿಂದ ಇಳಿದ ಮಕ್ಕಳು ಮಿನಾರಿನ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತಾರೆ, ಆ ಪಟ್ಟಿ ನೋಡೋದಿಲ್ಲ. ತೋರಿಸಬೇಕಾದವರು ನೀವು. ಬೀದರ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿಯ ಗೋರಿಯ ಗುಮ್ಮಟದ ಒಳಗೆ ಟಾರ್ಚ್ ಹಿಡಿದು ತಲೆ ಎತ್ತಿ. ಕೆಂಪು, ನೀಲಿ, ಬಂಗಾರದ ಬಣ್ಣದಲ್ಲಿ ಬರಹವೇ ಬರಹ. ಜಾತ್ರೆಗೆ ಹೋದವರಿಗೆ ಹೊಸದಾಗಿ ಹೇಳಬೇಕಿಲ್ಲ.

ವಿಜಯಪುರದ ಇಬ್ರಾಹಿಂ ರೋಜಾದಲ್ಲಿ, ಆಗಲೇ ಹೇಳಿದ ಎರಡನೇ ಇಬ್ರಾಹಿಂನ ಗೋರಿಯಲ್ಲಿ, ಮಾತ್ರ ಒಂದು ನಿಮಿಷ ನಿಲ್ಲಲೇಬೇಕು. ಅಲ್ಲಿ ಅಕ್ಷರ ಕಲ್ಲಿನ ಮೇಲೆ ಇಲ್ಲ, ಅಕ್ಷರವೇ ಕಿಟಕಿ. ಕಲ್ಲನ್ನು ಕೊರೆದು ಅರಬ್ಬಿ ಸಾಲುಗಳನ್ನೇ ಜಾಲಂದ್ರ ಮಾಡಿದ್ದಾರೆ. ಅಕ್ಷರ ಅಕ್ಷರದ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ಕಲ್ಲುಕುಟಿಗನ ಕಷ್ಟ ಯೋಚಿಸಿ. ಕಾಗದದಲ್ಲಿ ಚುಕ್ಕಿಯನ್ನು ಬಿಡಿಯಾಗಿ ಇಡಬಹುದು. ಕಲ್ಲಿನ ಕಿಟಕಿಯಲ್ಲಿ ಚುಕ್ಕಿ ಗಾಳಿಯಲ್ಲಿ ನಿಲ್ಲುತ್ತಾ? ಎಲ್ಲೋ ಒಂದು ಕಡೆ ಅದಕ್ಕೆ ಆಸರೆ ಕೊಡಬೇಕು, ಕೊಟ್ಟದ್ದು ಓದುವವನಿಗೆ ಅಡ್ಡ ಬರಬಾರದು. ಮುಂದಿನ ಸಲ ಹೋದಾಗ ಕಿಟಕಿಗೆ ಮೂಗು ತಾಗಿಸಿ ನೋಡಿ. ಇಬ್ರಾಹಿಂ ತಾನು ಬರೆದ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯನ್ನೂ ಹಾಡಿದವನು. ಇರಾನಿನಿಂದ ಬಂದ ಖಲೀಲುಲ್ಲಾ ಅನ್ನುವ ಬರಹಗಾರನಿಗೆ ಇವನು ಕೊಟ್ಟ ಬಿರುದು "ಪಾದಶಾಹ್-ಎ-ಕಲಂ", ಕಲಮಿನ ಬಾದಶಾಹ. ಒಬ್ಬ ಬಾದಶಾಹ ಇನ್ನೊಬ್ಬನನ್ನು ಹಾಗೆ ಕರೆಯುವುದು ಸಣ್ಣ ಮಾತಾ?

ತಾಜ್ ಮಹಲ್, ಅದರ ಅಕ್ಷರ ಬರೆದ ಅಮಾನತ್ ಖಾನ್: ಮೇಲೆ ಮೇಲೆ ಹೋದ ಹಾಗೆ ಅಕ್ಷರ ದೊಡ್ಡದು ಮಾಡಿದ್ದಾರೆ, ಕೆಳಗೆ ನಿಂತವರಿಗೆ ಒಂದೇ ಸಮ ಕಾಣಲಿ ಅಂತ. ಅಷ್ಟು ಸಾಕು. ಇಸ್ತಾಂಬುಲ್ಲಿನದು ಇಷ್ಟು ಹಾಳೆ ಬರೆದುಕೊಂಡು ಬಂದಿದ್ದೆ, ಬಿಡಿ. ಒಂದೇ ಹೇಳುತ್ತೇನೆ. ಸುಲ್ತಾನ ಎರಡನೇ ಬಾಯಜೀದ್ ತನ್ನ ಗುರು ಶೇಖ್ ಹಮ್ದುಲ್ಲಾ ಬರೆಯುವಾಗ ದೌತಿ ಹಿಡಿದು ಕೂರುತ್ತಿದ್ದನಂತೆ. ಹೆಡ್‌ಮಾಸ್ತರು ಯಾರಾದರೂ ಇದ್ದರೆ ದಯವಿಟ್ಟು ಬರೆದುಕೊಳ್ಳಿ. ನಸ್ತಾಲೀಕ್ ಅನ್ನುವ ಬರಹದ ಶೈಲಿಯ ಬಗ್ಗೆ ಇನ್ನೊಮ್ಮೆ. ನೀವು ಬೀದಿಯಲ್ಲಿ ನೋಡುವ ಉರ್ದು ಬೋರ್ಡುಗಳೆಲ್ಲ ಅದೇ.

ಆಯ್ತು, ಆಯ್ತು, ಮುಗಿಸಿದೆ. ಹೊರಗೆ ಚಹಾದ ಪಕ್ಕದ ಮೇಜಿನ ಮೇಲೆ ಜೊಂಡಿನ ಕಲಮು ಇಟ್ಟಿದ್ದೇನೆ. ಮಸಿ ಮನೆಯಲ್ಲೇ ಮಾಡಿದ್ದು. ಮಕ್ಕಳ ಕಣ್ಣಿಗೆ ಹಚ್ಚೋಕೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಾರಲ್ಲ, ಅದೇ ಕಾಡಿಗೆ, ಗೋಂದು, ನೀರು. ಇಸ್ತಾಂಬುಲ್ಲಿನ ಸುಲೈಮಾನಿಯಾ ಮಸೀದಿಯಲ್ಲೂ ದೀಪಗಳ ಹೊಗೆಯ ಮಸಿಯನ್ನು ಒಂದು ಕೋಣೆಯಲ್ಲಿ ಕೂಡಿಸಿ ಹೀಗೇ ಶಾಯಿ ಮಾಡುತ್ತಿದ್ದರು. ಒಂದೊಂದು ಶಂಕರಪಾಳಿ ಇಟ್ಟು ನೋಡಿ, ಬಂದರೆ ಅಲಿಫ್. ಬಿಳಿ ಅಂಗಿಯವರು ತೋಳು ಮಡಚಿಕೊಳ್ಳಿ. ತಾಗಿದರೆ ಹೋಗೋದಿಲ್ಲ.