ನಮ್ಮ ಹುಡುಗಿಯ ವಿಡಿಯೋ ಯಾರು ನೋಡಿದರು?

ನಮಸ್ಕಾರ. ಶಿವಮೊಗ್ಗದಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಜೋರಾಗಿದೆ. ಹೆಂಚಿನ ಸದ್ದು ಕೇಳಿದರೆ ಸ್ವಲ್ಪ ಹೊಂದಿಕೊಳ್ಳಿ.

ಹೋದ ವರ್ಷ ಇಂಥದ್ದೇ ಮಳೆಯಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ನೆಂಟರ ಮನೆ ಹುಡುಗಿ ಒಂದು ರಾಷ್ಟ್ರಮಟ್ಟದ ಸೌಂದರ್ಯ ಸ್ಪರ್ಧೆಗೆ ಅರ್ಜಿ ಹಾಕಿದಳು. ಯಾವ ಸ್ಪರ್ಧೆ ಅನ್ನುವುದು ಬೇಡ. ಅಪ್ಪ ಅವಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಟೇಪು ಹಿಡಿದು ಎತ್ತರ ಅಳೆದರು. ಅಮ್ಮ ಅಂಗಳದಲ್ಲಿ ಫೋಟೋ ತೆಗೆದರು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ವಿಡಿಯೋ ಕಳಿಸಲು ಕೊಡೆ ಹಿಡಿದು ಹಿಂದಿನ ಗುಡ್ಡ ಹತ್ತಿದಳು. ಒಂದು ಗಂಟೆ ಬಿಟ್ಟು ಇಳಿದು ಬಂದಾಗ ಕಾಲಲ್ಲಿ ಎರಡು ಉಂಬಳ, ಅಂದರೆ ಜಿಗಣೆ.

ಆಮೇಲೆ ಏನೂ ಬರಲಿಲ್ಲ. ಆಯ್ಕೆ ಆಗಿಲ್ಲ ಅನ್ನುವ ಒಂದು ಸಾಲು ಕೂಡ ಬರಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಕರ್ನಾಟಕದ ಪ್ರತಿನಿಧಿಯ ಫೋಟೋ ಕಂಡಿತು. ತಾನು ಆಯ್ಕೆ ಆಗಿಲ್ಲ ಅಂತ ಅವಳಿಗೆ ಗೊತ್ತಾಗಿದ್ದು ಹಾಗೆ. ಅವಳು ಅಳಲಿಲ್ಲ. "ಚಿಕ್ಕಿ, ನನ್ನ ವಿಡಿಯೋ ಯಾರಾದ್ರೂ ನೋಡಿರ್ತಾರಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಇಂಥ ಸ್ಪರ್ಧೆಗಳೇ ಬೇಡ ಅನ್ನುವವರು ಇದ್ದಾರೆ. 1996ರಲ್ಲಿ ಬೆಂಗಳೂರಿನಲ್ಲಿ ಮಿಸ್ ವರ್ಲ್ಡ್ ನಡೆದಾಗ ಎಷ್ಟು ದೊಡ್ಡ ಪ್ರತಿಭಟನೆ ಆಯಿತು, ನೆನಪಿದೆ ಅಲ್ವಾ? ಈಜುಡುಗೆ ಸುತ್ತನ್ನು ಸೇಶೆಲ್ಸ್‌ಗೆ ಸಾಗಿಸಬೇಕಾಯಿತು. ಆ ವಾದಕ್ಕೆ ಬೆಲೆ ಇದೆ. ಆದರೆ ಇವತ್ತು ನನ್ನ ಮಾತು, ಹೋಗಬೇಕು ಅಂತ ತಾವೇ ತೀರ್ಮಾನಿಸಿದ ಹುಡುಗಿಯರ ಬಗ್ಗೆ.

ಫೈನಲ್ ರಾತ್ರಿ ಎಲ್ಲರಿಗೂ ಕಾಣುತ್ತದೆ. ತೀರ್ಪುಗಾರರು ಎದುರಿಗೇ ಕೂತಿರುತ್ತಾರೆ. ಆದರೆ ದೊಡ್ಡ ಜರಡಿ ಆಡುವುದು ಅದಕ್ಕಿಂತ ತಿಂಗಳುಗಳ ಮುಂಚೆ. ಫೆಮಿನಾ ಮಿಸ್ ಇಂಡಿಯಾ 2017ರಿಂದ ರಾಜ್ಯಕ್ಕೊಬ್ಬರನ್ನು ಆರಿಸುವ ಪದ್ಧತಿ ತಂದಿತು. ಕೇಳಲು ಬಹಳ ಚೆನ್ನಾಗಿದೆ. 2022ರಲ್ಲಿ ಕರ್ನಾಟಕದ ಪರವಾಗಿ ಗೆದ್ದ ಸಿನಿ ಶೆಟ್ಟಿ ಹುಟ್ಟಿದ್ದು ಮುಂಬೈಯಲ್ಲಿ. ಅವರ ಬೇರು ಕರ್ನಾಟಕದ್ದು, ಅದರಲ್ಲಿ ತಪ್ಪೇನೂ ಇಲ್ಲ. ಅವರು ಗೆದ್ದಾಗ ನಮಗೂ ಖುಷಿಯಾಯಿತು. ಆದರೂ ರಾಜ್ಯದ ಹೆಸರಿನಲ್ಲಿ ಆರಿಸುವ ಯಾವ ಸ್ಪರ್ಧೆಯೇ ಆಗಲಿ, ಆ ರಾಜ್ಯದ ಜನಕ್ಕೆ ಕೆಲವು ಲೆಕ್ಕ ಹೇಳಬೇಕು. ಎಷ್ಟು ಅರ್ಜಿ ಬಂದವು? ಯಾವ ಜಿಲ್ಲೆಗಳಿಂದ? ಎಷ್ಟು ಜನರನ್ನು ಕರೆದು ಮಾತಾಡಿಸಿದರು? ಮೊದಲ ಸುತ್ತಿನಲ್ಲಿ ಕೂತು ನೋಡಿದವರು ಯಾರು?

ನಮ್ಮ ಅಡಿಕೆ ಮಂಡಿಯನ್ನೇ ನೋಡಿ. ಹುಡುಗಿಯರನ್ನು ಅಡಿಕೆಗೆ ಹೋಲಿಸುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ತೀರ್ಪು ಕೊಡುವ ರೀತಿ ಹೇಳುತ್ತಿದ್ದೇನೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯಲ್ಲಿ ದರ್ಜೆಗಳಿವೆ. ಯಾವುದು ಯಾವ ಸಾಲಿಗೆ ಸೇರುತ್ತದೆ ಅಂತ ಬೆಳೆದವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಚೀಲ ಬಿಚ್ಚಿ, ಕೈಯಲ್ಲಿ ಹಿಡಿದು ನೋಡಿಯೇ ದರ ಹೇಳುತ್ತಾರೆ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಮರುದಿನ ಪೇಪರಿನಲ್ಲಿ ಬರುತ್ತದೆ. ರೇಟು ಕಡಿಮೆ ಆದರೆ ಕಾರಣ ಕೇಳಬಹುದು. ಒಣಗಿದ್ದು ಸಾಲದು, ಬಣ್ಣ ಕೊಡುವ ಚೊಗರು ಸರಿಯಾಗಿ ಹಿಡಿದಿಲ್ಲ ಅನ್ನುತ್ತಾರೆ. ಬೇಜಾರಾಗುತ್ತದೆ, ನಿಜ. ಆದರೆ ಮುಂದಿನ ಕೊಯ್ಲಿಗೆ ಏನು ಮಾಡಬೇಕು ಅಂತ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದ ಮಗು ಕೂಡ ದುಡ್ಡು ಕಟ್ಟಿ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು.

ಸೌಂದರ್ಯಕ್ಕೆ ಅಂಕ ಕೊಟ್ಟು ತೋರಿಸಲು ಆಗುತ್ತದೆಯೇ ಅಂತ ಕೇಳುತ್ತಾರೆ. ತೋರಿಸಿದ್ದಾರೆ! 1994ರಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್ ಗೆದ್ದ ರಾತ್ರಿ ಸುತ್ತು ಸುತ್ತಿಗೂ ಅಂಕ ಟಿವಿ ಪರದೆ ಮೇಲೆ ಬರುತ್ತಿತ್ತು. ಅದೇ ವರ್ಷ ಮಿಸ್ ಇಂಡಿಯಾದಲ್ಲಿ ಅವರೂ ಮಂಗಳೂರು ಮೂಲದ ಐಶ್ವರ್ಯಾ ರೈ ಅವರೂ ಸಮಸಮ ಆಗಿ, ಇಬ್ಬರಿಗೂ ಇನ್ನೊಂದು ಪ್ರಶ್ನೆ ಕೇಳಬೇಕಾಯಿತು. ಮೂವತ್ತು ವರ್ಷ ಕಳೆದರೂ ಜನ ಆ ಕಥೆ ಹೇಳುತ್ತಾರೆ. ಹೇಗೆ ಗೆದ್ದರು ಅಂತ ಗೊತ್ತಿರುವುದರಿಂದಲೇ ಹೇಳುತ್ತಾರೆ.

ಮುಚ್ಚಿಟ್ಟರೆ ಏನಾಗುತ್ತದೆ? 2022ರ ಮಿಸ್ ಯುಎಸ್‌ಎ ನೋಡಿ. ಆರ್‌ಬಾನಿ ಗೇಬ್ರಿಯಲ್ ಗೆದ್ದರು. ಮೊದಲೇ ತೀರ್ಮಾನ ಆಗಿತ್ತು ಅಂತ ಜೊತೆಯಲ್ಲಿದ್ದ ಸ್ಪರ್ಧಿಗಳೇ ದೂರಿದರು. ತನಿಖೆ ನಡೆಯಿತು, ಆರೋಪ ಸಾಬೀತಾಗಲಿಲ್ಲ. ಮುಂದೆ ಅವರು ಮಿಸ್ ಯೂನಿವರ್ಸ್ ಕೂಡ ಆದರು. ಆದರೆ ಕಿರೀಟ ತೊಟ್ಟ ಮೊದಲ ವಾರವೇ ಆ ಹುಡುಗಿ ಮೋಸ ನಡೆದಿಲ್ಲ ಅಂತ ಹೇಳಿಕೊಳ್ಳಬೇಕಾಗಿ ಬಂತಲ್ಲ, ಅದಕ್ಕೆ ಏನು ಪರಿಹಾರ? 2025ರಲ್ಲಿ ಥಾಯ್ಲೆಂಡಿನ ಮಿಸ್ ಯೂನಿವರ್ಸ್ ಫೈನಲ್‌ಗೆ ಕೆಲವೇ ದಿನ ಇರುವಾಗ ಒಮರ್ ಹರ್ಫೂಶ್ ಅನ್ನುವ ತೀರ್ಪುಗಾರ ರಾಜೀನಾಮೆ ಕೊಟ್ಟರು. ಅಧಿಕೃತ ತೀರ್ಪುಗಾರರಿಗೆ ತಿಳಿಯದಂತೆ ಬೇರೆ ಯಾರೋ ಮೂವತ್ತು ಸ್ಪರ್ಧಿಗಳನ್ನು ಮೊದಲೇ ಆರಿಸಿದ್ದಾರೆ ಅನ್ನುವುದು ಅವರ ದೂರು. ಸಂಸ್ಥೆ ಅದನ್ನು ನಿರಾಕರಿಸಿತು. ಯಾರನ್ನು ನಂಬುವುದು? ನೋಡುವವರ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಅರ್ಜಿ ಹಾಕಿದವರ ಖಾಸಗಿತನ ಕಾಪಾಡಬೇಕು ಅನ್ನುವುದು ಸರಿ. ಆಯ್ಕೆ ಆಗದ ಹುಡುಗಿಯ ಹೆಸರು ಊರೆಲ್ಲ ಸಾರಬೇಕು ಅಂತ ಯಾರೂ ಕೇಳುತ್ತಿಲ್ಲ. ಅವಳ ಅಂಕ ಅವಳಿಗೆ ಮಾತ್ರ ಕಳಿಸಿ. ತೀರ್ಪುಗಾರರ ಮೇಲೆ ಒತ್ತಡ ಬರುತ್ತದೆ ಅನ್ನುವುದೂ ನಿಜವೇ. ಹಾಗಾದರೆ ಫಲಿತಾಂಶ ಬಂದ ಮೇಲೆ ಅವರ ಹೆಸರು ಹೇಳಿ. ಒಂದು ಸಂಸ್ಥೆ ಮನಸ್ಸು ಮಾಡಿದರೆ ಮುಂದಿನ ವರ್ಷವೇ ಆಗುವ ಕೆಲಸ ಇದು.

ದೊಡ್ಡ ಊರಿನವರಿಗೆ ಹೇಗೋ ಸುದ್ದಿ ಸಿಗುತ್ತದೆ. ಅಲ್ಲಿ ತರಬೇತಿ ಕೊಡುವವರಿದ್ದಾರೆ, ಹೋದ ಸಲ ಹೋಗಿ ಬಂದ ಗೆಳತಿಯರಿದ್ದಾರೆ. ಹೊಸನಗರದ, ಸಾಗರದ, ಕೊಪ್ಪದ ಹುಡುಗಿಗೆ ಯಾರಿದ್ದಾರೆ? ಎಲ್ಲಿ ಎಡವಿದೆ ಅಂತ ಹೇಳುವವರೇ ಇಲ್ಲದಿದ್ದರೆ ಅವಳು ತನ್ನ ಬಣ್ಣವನ್ನೇ, ತನ್ನ ಇಂಗ್ಲಿಷನ್ನೇ, ತನ್ನ ಊರನ್ನೇ ಬೈದುಕೊಳ್ಳುತ್ತಾಳೆ. ನನಗೆ ಜಾಸ್ತಿ ನೋವಾಗುವುದು ಇದಕ್ಕೇ. ನಮ್ಮ ಹುಡುಗಿ ಎರಡು ತಿಂಗಳು ಕನ್ನಡಿ ಮುಂದೆ ನಿಂತು ತನ್ನ ಹಲ್ಲು ನೋಡಿಕೊಳ್ಳುತ್ತಿದ್ದಳು. ಹಲ್ಲಿನಲ್ಲಿ ಏನೂ ತಪ್ಪಿಲ್ಲ.

ಈ ಸಲವೂ ಅರ್ಜಿ ಹಾಕುತ್ತೇನೆ ಅಂತ ಫೋನ್ ಮಾಡಿದ್ದಳು. ಭಾನುವಾರ ತೀರ್ಥಹಳ್ಳಿಗೆ ಹೊರಟಿದ್ದೇನೆ. ವಿಡಿಯೋ ನಾನೇ ಹಿಡಿಯಬೇಕಂತೆ. ಅರ್ಜಿಯ ಜೊತೆ ಒಂದು ಪತ್ರ ಬರೆಯೋಣ ಅಂದಿದ್ದೇನೆ. ಒಂದೇ ಪ್ರಶ್ನೆ ಸಾಕು ಅಂದಳು. ಹೋದ ವರ್ಷದ ಆ ವಿಡಿಯೋ ಯಾರು ನೋಡಿದರು?