ಸಿಗ್ನಲ್ ನಿಂತಾಗ ಸ್ಕ್ರೀನ್ ಏನು ಹೇಳಬೇಕು? ರೋಗಿಯ ಮಾನಿಟರಿಂಗ್ ಮತ್ತು ಆನ್‌ಲೈನ್ ಕಲಿಕೆ

[ಸ್ಕ್ರೀನ್ ಮೇಲೆ: ಓಡುತ್ತಿರುವ ಎರಡು ಗ್ರಾಫ್‌ಗಳು. ಎರಡೂ ಒಮ್ಮೆಲೇ ನಿಲ್ಲುತ್ತವೆ]

ನಮಸ್ಕಾರ. ಮನೆಯಲ್ಲಿ ಮಲಗಿರುವ ರೋಗಿಯ ಆಕ್ಸಿಜನ್ ಮಟ್ಟವನ್ನು ನರ್ಸ್ ಒಬ್ಬರು ಎಲ್ಲೋ ದೂರದಲ್ಲಿ ಕೂತು ನೋಡುತ್ತಿದ್ದಾರೆ. ಇನ್ನೊಂದು ಕಡೆ ಟೀಚರ್ ಒಬ್ಬರು ತಮ್ಮ ಆನ್‌ಲೈನ್ ಕೋರ್ಸಿನ ಡ್ಯಾಶ್‌ಬೋರ್ಡ್, ಅಂದರೆ ಯಾರು ಎಷ್ಟು ಓದಿದರು ಅಂತ ತೋರಿಸುವ ಸ್ಕ್ರೀನ್, ನೋಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಎರಡೂ ಕಡೆ ಡೇಟಾ ಬರುವುದು ನಿಂತಿತು. ಆ ಕಡೆ ಇರುವವರಿಗೆ ಏನಾದರೂ ಆಯಿತಾ, ಇಲ್ಲ ಬರೀ ನೆಟ್ ಹೋಯಿತಾ? ಸಿಸ್ಟಮ್ ಎಷ್ಟೇ ದೊಡ್ಡದಿರಲಿ, ಈ ಒಂದು ಪ್ರಶ್ನೆಗೆ ಅದು ಸರಿಯಾಗಿ ಉತ್ತರ ಕೊಡದಿದ್ದರೆ ನಾನಂತೂ ಅದನ್ನು ನಂಬುವುದಿಲ್ಲ.

ಇದು ಹೊಸ ಕನಸೇನಲ್ಲ. 1905ರಲ್ಲೇ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ವಿಜ್ಞಾನಿ ವಿಲ್ಲೆಮ್ ಐಂಥೋವನ್ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಇಸಿಜಿ ಸಿಗ್ನಲ್ಲನ್ನು ಟೆಲಿಫೋನ್ ತಂತಿಯ ಮೂಲಕ ತಮ್ಮ ಲ್ಯಾಬಿಗೆ ತರಿಸಿಕೊಂಡಿದ್ದರು. ಕಲಿಕೆಯ ಕಡೆ ನೋಡಿದರೆ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೋ ಅನ್ನುವ ಕಂಪ್ಯೂಟರ್ ಪಾಠದ ವ್ಯವಸ್ಥೆ ಶುರುವಾಗಿದ್ದು 1960ರಲ್ಲಿ.

[ಸ್ಕ್ರೀನ್ ಮೇಲೆ: ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್, ಹತ್ತಿರದಿಂದ]

ಈಗ ಬೆರಳಿಗೆ ಹಾಕಿ ಆಕ್ಸಿಜನ್ ಅಳೆಯುವ ಈ ಕ್ಲಿಪ್ ನೋಡಿ. ಒಳಗೆ ಎರಡು ಬೆಳಕು ಇವೆ: ಒಂದು ಕೆಂಪು, ತರಂಗಾಂತರ ಸುಮಾರು 660 ನ್ಯಾನೋಮೀಟರ್; ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಆಕ್ಸಿಜನ್ ಹೊತ್ತ ರಕ್ತ ಇನ್‌ಫ್ರಾರೆಡ್ಡನ್ನು ಜಾಸ್ತಿ ಹೀರುತ್ತದೆ, ಆಕ್ಸಿಜನ್ ಇಲ್ಲದ್ದು ಕೆಂಪನ್ನು ಜಾಸ್ತಿ ಹೀರುತ್ತದೆ. ಪ್ರತಿ ನಾಡಿಬಡಿತಕ್ಕೆ ಬೆರಳಿನೊಳಗೆ ರಕ್ತ ಏರಿ ಇಳಿಯುತ್ತದಲ್ವಾ, ಆ ಏರಿಳಿತದಲ್ಲಿ ಎರಡೂ ಬೆಳಕು ಎಷ್ಟೆಷ್ಟು ಬದಲಾಗುತ್ತವೆ ಅಂತ ಹೋಲಿಸಿದರೆ ಆಕ್ಸಿಜನ್ ಮಟ್ಟ ಗೊತ್ತಾಗುತ್ತದೆ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ ಕಂಡುಕೊಂಡ ಉಪಾಯ ಇದು. ಆದರೆ ಬೆರಳು ತಣ್ಣಗಿದ್ದರೆ, ಕೈ ಅಲ್ಲಾಡಿದರೆ, ಉಗುರಿಗೆ ಗಾಢ ಬಣ್ಣ ಇದ್ದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಬರೀ ನಂಬರ್ ಕಳಿಸಿದರೆ ಸಾಲದು. ಸಿಗ್ನಲ್ ಎಷ್ಟು ಚೆನ್ನಾಗಿತ್ತು ಅನ್ನುವುದೂ ಜೊತೆಗೇ ಹೋಗಬೇಕು.

ಕ್ಲಿಪ್‌ನಿಂದ ಬ್ಲೂಟೂತ್ ಮೂಲಕ ಫೋನಿಗೆ, ಫೋನಿನಿಂದ ಸರ್ವರಿಗೆ. ಈ ಎರಡನೇ ದಾರಿಯಲ್ಲಿ ತುಂಬಾ ಕಡೆ ಎಂಕ್ಯೂಟಿಟಿ ಅನ್ನುವ ಪ್ರೊಟೊಕಾಲ್, ಅಂದರೆ ಡಿವೈಸ್‌ಗಳು ಮೆಸೇಜ್ ಕಳಿಸುವ ನಿಯಮಗಳ ಪದ್ಧತಿ, ಬಳಸುತ್ತಾರೆ. 1999ರಲ್ಲಿ ಇದನ್ನು ಮಾಡಿದ್ದು ಆಸ್ಪತ್ರೆಗಲ್ಲ, ತೈಲದ ಪೈಪ್‌ಲೈನ್‌ಗಳ ಮೇಲೆ ಸ್ಯಾಟಲೈಟ್ ಮೂಲಕ ಕಣ್ಣಿಡುವುದಕ್ಕೆ! ಅಲ್ಲಿ ನೆಟ್‌ವರ್ಕ್ ದುಬಾರಿ, ನಂಬುವ ಹಾಗೂ ಇರಲಿಲ್ಲ. ಅದಕ್ಕೇ ಲಿಂಕ್ ಕಡಿಯುವುದನ್ನು ಇದು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಡಿವೈಸ್ ಕನೆಕ್ಟ್ ಆಗುವಾಗಲೇ 'ನಾನು ಹೇಳದೆ ಕೇಳದೆ ಮಾಯವಾದರೆ ಈ ಮೆಸೇಜನ್ನು ನನ್ನನ್ನು ಗಮನಿಸುತ್ತಿರುವವರಿಗೆ ಕಳಿಸು' ಅಂತ ಸರ್ವರಿಗೆ ಒಂದು ಸಂದೇಶ ಕೊಟ್ಟಿರಬಹುದು. ಎಷ್ಟು ಸೆಕೆಂಡಿಗೊಮ್ಮೆ 'ಇದ್ದೀನಿ' ಅನ್ನಬೇಕು ಅಂತಲೂ ಗೊತ್ತುಮಾಡಿರುತ್ತಾರೆ. ಅದರ ಒಂದೂವರೆ ಪಟ್ಟು ಹೊತ್ತು ಏನೂ ಬರದಿದ್ದರೆ ಲಿಂಕ್ ಹೋಯಿತು ಅಂತ ಲೆಕ್ಕ. 60 ಸೆಕೆಂಡ್ ಇಟ್ಟಿದ್ದರೆ 90 ಸೆಕೆಂಡ್ ಆದ ಮೇಲೆ ನರ್ಸ್‌ಗೆ ಸುದ್ದಿ. ಆ 90 ಸೆಕೆಂಡ್ ಯಾವ ರೋಗಿಗೆ ಪರವಾಗಿಲ್ಲ, ಯಾವ ರೋಗಿಗೆ ತೀರಾ ತಡ ಅಂತ ಡಾಕ್ಟರ್ ಹೇಳಬೇಕು. ಪ್ರೋಗ್ರಾಮರ್ ಸುಮ್ನೆ ಒಂದು ನಂಬರ್ ಹಾಕಿ ಮುಂದೆ ಹೋಗುವ ಜಾಗ ಇದಲ್ಲ.

ಇಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಇನ್ನೊಂದು ವಿಷಯ ಇದೆ. ನೆಟ್ ಇಲ್ಲದಾಗ ಫೋನ್ ರೀಡಿಂಗ್‌ಗಳನ್ನು ಕೂಡಿಟ್ಟುಕೊಂಡು ಆಮೇಲೆ ಒಟ್ಟಿಗೆ ಕಳಿಸುತ್ತದೆ. ಆಗ ಅಳತೆ ತೆಗೆದ ಸಮಯ ಬೇರೆ, ಸರ್ವರಿಗೆ ಬಂದು ಮುಟ್ಟಿದ ಸಮಯ ಬೇರೆ. ಎರಡನ್ನೂ ಬರೆದಿಡಬೇಕು. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಆಕ್ಸಿಜನ್ ಬಿದ್ದಿದ್ದು ಬೆಳಗ್ಗೆ ಏಳಕ್ಕೆ ಬಿದ್ದ ಹಾಗೆ ಕಾಣುತ್ತದೆ, ಡಾಕ್ಟರ್ ಅದನ್ನೇ ನಂಬಿ ಔಷಧಿ ಬದಲಿಸಿಬಿಡಬಹುದು.

[ಸ್ಕ್ರೀನ್ ಮೇಲೆ: ಕೋರ್ಸಿನ ಡ್ಯಾಶ್‌ಬೋರ್ಡ್. ಒಂದು ಹೆಸರಿನ ಮುಂದೆ ಕೆಂಪು ಗುರುತು]

ಕಲಿಕೆಯಲ್ಲೂ ಇದೇ ಕಥೆ. ವಿಡಿಯೋ ಪ್ಲೇಯರ್ ಪ್ಲೇ ಮಾಡಿದ್ದು, ನಡುವೆ ನಿಲ್ಲಿಸಿದ್ದು, ಹಿಂದಕ್ಕೆ ಎಳೆದದ್ದು, ಎಲ್ಲವನ್ನೂ ಕಳಿಸುತ್ತಾ ಇರುತ್ತದೆ. ಇದನ್ನು ಯಾರು, ಏನು ಮಾಡಿದರು, ಯಾವುದರ ಮೇಲೆ ಅಂತ ಒಂದೇ ರೀತಿ ಬರೆದಿಡುವುದಕ್ಕೆ ಎಕ್ಸ್‌ಎಪಿಐ ಅನ್ನುವ ಸ್ಟ್ಯಾಂಡರ್ಡ್ ಇದೆ, 2013ರಲ್ಲಿ ಬಂದದ್ದು. ಒಬ್ಬ ಹುಡುಗಿ ಪಾಠವನ್ನು ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದ ಕಡೆ ಐದು ದಿನ ಶ್ರದ್ಧೆಯಿಂದ ಓದುತ್ತಾಳೆ ಅಂದುಕೊಳ್ಳಿ. ಡ್ಯಾಶ್‌ಬೋರ್ಡ್ ಮಾತ್ರ 'ಐದು ದಿನದಿಂದ ಚಟುವಟಿಕೆ ಇಲ್ಲ' ಅಂತ ಕೆಂಪು ಗುರುತು ಹಾಕುತ್ತದೆ. ಅವಳಿಗೆ ಅನ್ಯಾಯ ಅಲ್ವಾ ಇದು? 'ಕೊನೆಯ ಬಾರಿ ಸಿಂಕ್ ಆಗಿದ್ದು ಐದು ದಿನದ ಹಿಂದೆ' ಅಂತ ಬರೆದಿದ್ದರೆ ಟೀಚರ್ ಬೈಯುವ ಮೊದಲು ಒಂದು ಫೋನ್ ಮಾಡುತ್ತಿದ್ದರು.

ಉಲ್ಟಾನೂ ಆಗುತ್ತದೆ. ವಿಡಿಯೋ ಕೊನೆಯವರೆಗೆ ಓಡಿದೆ ಅಂದ ಮಾತ್ರಕ್ಕೆ ಅರ್ಥ ಆಯಿತು ಅಂತ ಹೇಳುವ ಹಾಗಿಲ್ಲ. ತುಂಬಾ ಜನ ಒಂದೇ ಅರ್ಧ ನಿಮಿಷವನ್ನು ಮತ್ತೆ ಮತ್ತೆ ಹಿಂದಕ್ಕೆ ಎಳೆದಿದ್ದರೆ ನಾನು ಮೊದಲು ಅನುಮಾನ ಪಡುವುದು ಆ ಪಾಠದ ವಿವರಣೆಯ ಮೇಲೆ, ಮಕ್ಕಳ ಮೇಲಲ್ಲ.

ಇನ್ನು ಅಲಾರಂ. ಪ್ರತಿಯೊಂದಕ್ಕೂ ಕೂಗುವ ಮಾನಿಟರ್ ಅಪಾಯವೇ, ಯಾಕೆಂದರೆ ದಿನವಿಡೀ ಸುಳ್ಳು ಅಲಾರಂ ಕೇಳಿದ ನರ್ಸ್‌ಗಳ ಕಿವಿ ನಿಜವಾದದ್ದಕ್ಕೂ ಮಂದವಾಗುತ್ತದೆ. ಐಸಿಯುಗಳಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಮಸ್ಯೆ. ಅದಕ್ಕೇ 'ಆಕ್ಸಿಜನ್ ಕಮ್ಮಿ' ಅನ್ನುವುದಕ್ಕೆ ಒಂದು ಸದ್ದು, 'ಕ್ಲಿಪ್ ಕಳಚಿದೆ' ಅನ್ನುವುದಕ್ಕೆ ಇನ್ನೊಂದು, 'ಲಿಂಕ್ ಇಲ್ಲ' ಅನ್ನುವುದಕ್ಕೆ ಮತ್ತೊಂದು ಇರಬೇಕು.

ನೀವು ಇಂಥ ಸಿಸ್ಟಮ್ ಕೊಳ್ಳುವವರೋ ಕಟ್ಟುವವರೋ ಆಗಿದ್ದರೆ, ರೋಗಿಗೆ ಹಾಕುವ ಮೊದಲೇ ಡೆಮೊದಲ್ಲಿ ಒಂದು ಕೆಲಸ ಮಾಡಿಸಿ. ಫೋನಿನ ವೈಫೈ, ಡೇಟಾ ಎರಡನ್ನೂ ಆಫ್ ಮಾಡಿ, ಗಡಿಯಾರ ನೋಡುತ್ತಾ ಕೂರಿ. ಹಳೇ ನಂಬರ್ ಹಾಗೇ ಹಸಿರು ಬಣ್ಣದಲ್ಲಿ ನಿಂತಿದ್ದರೆ ಆ ಸಿಸ್ಟಮ್ ಬೇಡ. ಎಷ್ಟು ಹೊತ್ತಿಗೆ ಅದು ಬೂದು ಬಣ್ಣಕ್ಕೆ ತಿರುಗಿತು, ಯಾರ ಫೋನಿಗೆ ಮೆಸೇಜ್ ಹೋಯಿತು ಅಂತ ಬರೆದುಕೊಳ್ಳಿ. ಆಮೇಲೆ ನೆಟ್ ಆನ್ ಮಾಡಿ, ನಡುವಿನ ರೀಡಿಂಗ್‌ಗಳು ತಮ್ಮ ತಮ್ಮ ಸಮಯಕ್ಕೆ ಬಂದು ಕೂತವಾ ನೋಡಿ.