ಗಾಳಿ ಎತ್ತಲಿಂದ? ಮಹಿಳೆಯರ ವಿಂಡ್‌ಸರ್ಫಿಂಗ್ ನೋಡುವ ಬಗೆ

ಎಲ್ಲ ಕೇಳುಗರಿಗೆ ನಮಸ್ಕಾರ.

ಒಲಿಂಪಿಕ್ಸ್ ಬಂದಾಗ ಟೀವಿಯಲ್ಲಿ ವಿಂಡ್‌ಸರ್ಫಿಂಗ್ ತೋರಿಸುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ನೀರಿನ ಮೇಲೆ ಹಲಗೆಯಲ್ಲಿ ನಿಂತು, ಹಾಯಿ ಹಿಡಿದು ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೊರಟಿರುತ್ತಾರೆ. ಯಾರು ಮುಂದೆ, ಯಾರು ಹಿಂದೆ, ಒಂದೂ ತಿಳಿಯುವುದಿಲ್ಲ. ಎರಡು ನಿಮಿಷ ನೋಡಿ ರಿಮೋಟ್ ಒತ್ತಿ ಕ್ರಿಕೆಟ್ಟಿಗೆ ಹೋಗುತ್ತೇವೆ. ಆಟದ್ದೇನೂ ತಪ್ಪಿಲ್ಲರೀ. ನಾವು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಕೇಳಿಕೊಂಡಿರುವುದಿಲ್ಲ. ಗಾಳಿ ಎತ್ತಲಿಂದ ಬರುತ್ತಿದೆ? ಇವತ್ತು ನಾನು ಹೇಳುವುದೆಲ್ಲ ಇದೊಂದನ್ನೇ. ಗಾಳಿ ಎತ್ತಲಿಂದ?

ಗದಗಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಪ್ಪತ್ತಗುಡ್ಡದ ಮೇಲಿನ ಗಾಳಿಯಂತ್ರ ಯಾವ ಕಡೆ ಮುಖ ಮಾಡಿದೆಯೋ ಗಾಳಿ ಆ ಕಡೆಯಿಂದ. ಯಂತ್ರ ಕಾಣದವರು ಬಯಲಲ್ಲಿ ನಿಂತು ಕಣ್ಣು ಮುಚ್ಚಿ ಮೆಲ್ಲಗೆ ತಿರುಗಿರಿ. ಗಾಳಿ ಮುಖಕ್ಕೆ ಬಡಿಯುತ್ತ, ಅದರ ಸದ್ದು ಎರಡೂ ಕಿವಿಗೆ ಒಂದೇ ಸಮ ಕೇಳಿದಾಗ ನಿಲ್ಲಿರಿ. ನಿಮ್ಮ ಮೂಗು ತೋರಿಸುವ ದಿಕ್ಕಿನಿಂದಲೇ ಗಾಳಿ ಬರುತ್ತಿರುತ್ತದೆ.

ಆ ದಿಕ್ಕಿಗೆ ನೇರವಾಗಿ ಹಾಯಿಹಲಗೆ ಹೋಗಲಾರದು. ಗಾಳಿಯ ಎಡಕ್ಕೆ ಹೆಚ್ಚುಕಡಿಮೆ 45 ಡಿಗ್ರಿ, ಬಲಕ್ಕೆ 45 ಡಿಗ್ರಿ ಮುಚ್ಚಿದ ಬಾಗಿಲು. ಅದರೊಳಗೆ ಮೂತಿ ಇಟ್ಟರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಹಲಗೆ ನಿಂತುಬಿಡುತ್ತದೆ. ಹಾಗಾಗಿ ಗಾಳಿಯ ಕಡೆಗಿರುವ ಗುರಿ ಮುಟ್ಟಬೇಕಾದರೆ ಅರಬೈಲು ಘಟ್ಟದ ರಸ್ತೆಯಂತೆ ತಿರುವು ತಿರುವಾಗಿ ಏರಬೇಕು. ಒಬ್ಬಳು ಎಡಕ್ಕೆ, ಇನ್ನೊಬ್ಬಳು ಬಲಕ್ಕೆ ಹೊರಟಿದ್ದು ಇದಕ್ಕೇ. ಯಾರು ಮುಂದೆ ಎಂದು ನೋಡಬೇಕೆ? ತೀರವನ್ನು ಮರೆತುಬಿಡಿ. ಗಾಳಿಯ ಹುಟ್ಟಿಗೆ ಯಾರು ಹತ್ತಿರ ಇದ್ದಾರೋ ಅವರು ಮುಂದೆ.

ಸ್ಪರ್ಧೆಯ ವಿಷಯಕ್ಕೆ ಬರೋಣ. ಒಲಿಂಪಿಕ್ ಹಾಯಿ ಆಟಗಳನ್ನೆಲ್ಲ ಒಂದೇ ಕಡೆ ನಡೆಸುವ ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿದ್ದು 2003ರಲ್ಲಿ, ಸ್ಪೇನಿನ ಕಾದಿಜ್‌ನಲ್ಲಿ. 2018ರಲ್ಲಿ ಡೆನ್ಮಾರ್ಕಿನ ಆರ್‌ಹುಸ್‌ನಲ್ಲಿ, 2023ರ ಆಗಸ್ಟಿನಲ್ಲಿ ನೆದರ್ಲೆಂಡ್ಸಿನ ಹೇಗ್‌ನಲ್ಲಿ ನಡೆಯಿತು. ಇವೆರಡರ ನಡುವೆ ಹಲಗೆಯೇ ಬದಲಾಯಿತು. ಆರ್‌ಹುಸ್‌ನಲ್ಲಿ ಇದ್ದದ್ದು ಆರ್‌ಎಸ್‌ಎಕ್ಸ್. 2 ಮೀಟರ್ 86 ಸೆಂಟಿಮೀಟರ್ ಉದ್ದ, ಮಹಿಳೆಯರಿಗೆ 8.5 ಚದರ ಮೀಟರ್ ಹಾಯಿ, ನೀರಿಗೆ ಅಂಟಿಕೊಂಡೇ ಓಡುವ ಹಲಗೆ. ಹೇಗ್‌ನಲ್ಲಿ ಬಂದದ್ದು ಐಕ್ಯೂಫಾಯಿಲ್. ಇದರ ಉದ್ದ 2 ಮೀಟರ್ 20 ಸೆಂಟಿಮೀಟರ್ ಮಾತ್ರ, ಅಗಲ 95 ಸೆಂಟಿಮೀಟರ್. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮಹಿಳೆಯರು ಇದಕ್ಕೆ 8 ಚದರ ಮೀಟರಿನ ಹಾಯಿ ಕಟ್ಟಿದರು, ಗಂಡಸರು 9 ಚದರ ಮೀಟರಿನದು.

ಈ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಕೆಳಗೆ ಒಂದು ಕಂಬ, ಕಂಬದ ತುದಿಗೆ ಅಡ್ಡ ದಂಡ, ಆ ದಂಡದ ಮುಂದೊಂದು ಹಿಂದೊಂದು ರೆಕ್ಕೆ. ಇಷ್ಟೂ ಸೇರಿ ಫಾಯಿಲ್. ಮುಂದಿನ ರೆಕ್ಕೆಯ ವಿಸ್ತೀರ್ಣ 900 ಚದರ ಸೆಂಟಿಮೀಟರ್. ಅಂದರೆ ಮೂವತ್ತಕ್ಕೆ ಮೂವತ್ತು, ಅಡುಗೆಮನೆಯ ಒಂದು ಟೈಲ್ಸಿನಷ್ಟು ಜಾಗ. ಅದನ್ನೇ ಉದ್ದಕ್ಕೆ, ಸಪೂರವಾಗಿ ಮಾಡಿರುತ್ತಾರೆ. ವಿಮಾನದ ರೆಕ್ಕೆಯ ತತ್ವವೇ ಇಲ್ಲಿಯೂ. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಅದಕ್ಕೇ ಇಷ್ಟು ಸಣ್ಣ ರೆಕ್ಕೆ ಒಬ್ಬ ಹೆಣ್ಣುಮಗಳನ್ನೂ ಹಲಗೆಯನ್ನೂ ಹಾಯಿಯನ್ನೂ ಎತ್ತಿ ಹಿಡಿಯುತ್ತದೆ. ಇದಕ್ಕೆ ಚುಕ್ಕಾಣಿ ಇಲ್ಲ. ಹಾಯಿಯನ್ನು ಹಿಂದಕ್ಕೆ ವಾಲಿಸಿದರೆ ಮೂತಿ ಗಾಳಿಯ ಕಡೆ ತಿರುಗುತ್ತದೆ, ಮುಂದಕ್ಕೆ ವಾಲಿಸಿದರೆ ಗಾಳಿಯಿಂದ ಆಚೆ. ಎತ್ತರ ಕಾಯುವುದು ಕಾಲಿನ ಕೆಲಸ. ಹಿಂಗಾಲಿಗೆ ಭಾರ ಹೆಚ್ಚಾದರೆ ಹಲಗೆ ಏರುತ್ತಲೇ ಹೋಗುತ್ತದೆ, ಕೊನೆಗೆ ರೆಕ್ಕೆಯೇ ನೀರಿನಿಂದ ಹೊರಬೀಳುತ್ತದೆ. ಹೊರಬಿದ್ದ ಗಳಿಗೆಗೆ ಎತ್ತುವ ಬಲ ಸೊನ್ನೆ, ದಬ್ಬನೆ ಬೀಳುವುದೇ. ಒಂದು ಪ್ಲಾಸ್ಟಿಕ್ ಚೀಲ ಕಂಬಕ್ಕೆ ಸುತ್ತಿಕೊಂಡರೂ ಸಾಕು, ವೇಗ ಹೋಯಿತು.

ಅಂಕದ ಲೆಕ್ಕ ಸರಳ. ಮೊದಲು ಬಂದವಳಿಗೆ 1, ಎರಡನೆಯವಳಿಗೆ 2. ಕಡಿಮೆ ಇದ್ದವಳು ಮೇಲೆ. 24 ಜನರ ಸ್ಪರ್ಧೆಯಲ್ಲಿ ಸಮಯಕ್ಕೆ ಮೊದಲೇ ಶುರುವಿನ ಗೆರೆ ದಾಟಿದರೆ 25.

ಈಗ ಕೇಳಿರಿ, ಇದೆಲ್ಲ ಒಂದೇ ರೇಸಿನಲ್ಲಿ ಹೇಗೆ ಕಂಡಿತು ಎಂದು. 2024ರ ಆಗಸ್ಟ್ 3, ಫ್ರಾನ್ಸಿನ ಮಾರ್ಸೇ, ಪ್ಯಾರಿಸ್ ಒಲಿಂಪಿಕ್ಸಿನ ಮಹಿಳೆಯರ ಪದಕದ ದಿನ. ಬ್ರಿಟನ್ನಿನ ಎಮ್ಮಾ ವಿಲ್ಸನ್ ಆವರೆಗಿನ ರೇಸುಗಳಲ್ಲಿ ಉಳಿದವರನ್ನು ಎಲ್ಲೋ ಹಿಂದೆ ಬಿಟ್ಟಿದ್ದಳು. ಸಾಮಾನ್ಯಳಲ್ಲ ಅವಳು. ತಾಯಿ ಪೆನ್ನಿ 1992 ಮತ್ತು 1996ರ ಒಲಿಂಪಿಕ್ಸಿನಲ್ಲಿ ಇದೇ ಆಟ ಆಡಿದವರು, ಮಗಳಿಗೆ ಟೋಕಿಯೋದಲ್ಲಿ ಆಗಲೇ ಕಂಚು ಬಂದಿತ್ತು. ಅಗ್ರಸ್ಥಾನದಲ್ಲಿ ಇದ್ದವಳಿಗೆ ನೇರ ಫೈನಲ್ ಎಂಬುದು ಅಂದಿನ ನಿಯಮ. 4ರಿಂದ 10ನೇ ಸ್ಥಾನದವರಿಗೆ ಕ್ವಾರ್ಟರ್ ಫೈನಲ್. ಅಲ್ಲಿ ಗೆದ್ದ ಇಬ್ಬರು 2 ಮತ್ತು 3ನೇ ಸ್ಥಾನದವರ ಜತೆ ಸೆಮಿಫೈನಲ್ ಆಡಬೇಕು. ಅದರಿಂದ ಇಬ್ಬರು ಬಂದು ಎಮ್ಮಾಳನ್ನು ಸೇರಬೇಕು. ಕೊನೆಗೆ ಮೂರೇ ಜನ, ಒಂದೇ ರೇಸು. ಹಳೆಯ ಅಂಕವೆಲ್ಲ ಅಳಿಸಿ ಹೋಯಿತು.

ಸೆಮಿಫೈನಲ್ ಗೆದ್ದು ಬಂದವರು ಇಸ್ರೇಲಿನ ಶರೋನ್ ಕಾಂಟರ್, ಇಟಲಿಯ ಮಾರ್ತಾ ಮಜೆಟ್ಟಿ. ಇವರಿಬ್ಬರೂ ಅದೇ ಮಧ್ಯಾಹ್ನ, ಅದೇ ನೀರಿನಲ್ಲಿ ಆಗಷ್ಟೇ ರೇಸು ಮಾಡಿ ಬಂದವರು. ಎಮ್ಮಾ ಕಾದು ಕೂತಿದ್ದಳು. ದಣಿವು ತಪ್ಪಿತು, ಸರಿ. ಆ ಗಳಿಗೆಯ ಗಾಳಿ ಎತ್ತಲಿಂದ ಎಂಬುದನ್ನು ಕಾಲಕೆಳಗೆ ತಿಳಿಯುವ ಅವಕಾಶವೂ ಕೈತಪ್ಪಿತಲ್ಲ?

ಗಾಳಿಯ ಕಡೆಗೆ ಏರುವಾಗ ಮೇಲಿನ ಗುರುತನ್ನು, ಅಂದರೆ ಲಂಗರು ಹಾಕಿ ತೇಲಿಬಿಟ್ಟ ಮಾರ್ಕನ್ನು ಸುತ್ತಬೇಕು. ಅದರತ್ತ ಯಾವಾಗ ತಿರುಗುವುದು? ಬೇಗ ತಿರುಗಿದರೆ ಮಾರ್ಕಿನ ಕೆಳಗೆ ಸಿಕ್ಕಿಬಿದ್ದು ಇನ್ನೂ ಎರಡು ಸಲ ತಿರುಗಬೇಕಾಗುತ್ತದೆ. ತಿರುಗುವಾಗ ಹಲಗೆ ನೀರಿಗೆ ಕೂತರೆ ಮತ್ತೆ ಏಳಿಸಲು ಅಮೂಲ್ಯ ಸೆಕೆಂಡುಗಳು ಹೋಗುತ್ತವೆ. ತಡಮಾಡಿದರೆ? ಮಾರ್ಕು ಮುಟ್ಟಲು ಸಾಕಾಗುವ ಕೋನ ದಾಟಿದ ಮೇಲೆ ಹೋದ ಪ್ರತಿ ಮೀಟರೂ ದಂಡ. ಫೈನಲಿನಲ್ಲಿ ಎಮ್ಮಾ ಮತ್ತು ಶರೋನ್ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಆ ಕೋನ ದಾಟಿ ಮುಂದೆ ಹೋದರು. ಮಾರ್ತಾ ಮೊದಲೇ ತಿರುಗಿದಳು. ಕೋನ ಸರಿಯಾಗಿ ಕೂತಿತು. ಮಾರ್ತಾಗೆ ಚಿನ್ನ, ಶರೋನ್‌ಗೆ ಬೆಳ್ಳಿ, ವಾರವಿಡೀ ಮೆರೆದ ಎಮ್ಮಾಗೆ ಮತ್ತೆ ಕಂಚು.

ಈ ನಿಯಮ ಅನ್ಯಾಯದ್ದು ಎಂದು ನನಗೂ ಅನಿಸುತ್ತದೆ. ಅಷ್ಟು ರೇಸುಗಳ ದುಡಿಮೆಯನ್ನು ಒಂದರಲ್ಲಿ ಅಳಿಸುವುದು ಯಾವ ಲೆಕ್ಕ? ಆದರೆ ತೋಳಿನ ಬಲದಿಂದ ಗೆಲ್ಲುವ ಆಟ ಇದು ಎಂದುಕೊಂಡವರು ಆ ರೇಸನ್ನು ಇನ್ನೊಮ್ಮೆ ನೋಡಿರಿ. ಮೂವರಿಗೂ ಒಂದೇ ಅಳತೆಯ ಹಲಗೆ, ಒಂದೇ ಅಳತೆಯ ಹಾಯಿ.

ಸಮಯ ಓಡುತ್ತಿದೆ, ಇತಿಹಾಸ ಎರಡೇ ಮಾತಿನಲ್ಲಿ. ಒಲಿಂಪಿಕ್ಸಿಗೆ ಈ ಆಟ ಬಂದದ್ದು 1984ರಲ್ಲಿ. ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ ಸಿಗಲು 1992ರವರೆಗೆ ಕಾಯಬೇಕಾಯಿತು. ಆಗ ಗೆದ್ದವರು ನ್ಯೂಜಿಲೆಂಡಿನ ಬಾರ್ಬರಾ ಕೆಂಡಲ್. 1996ರಲ್ಲಿ ಲೀ ಲೈ ಶಾನ್ ಹಾಂಗ್‌ಕಾಂಗ್‌ಗೆ ಅದರ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದುಕೊಟ್ಟರು. ನಮ್ಮ ನೆರೆಯ ಗೋವಾದಿಂದ ಕಾತ್ಯಾ ಕೊಯೆಲೊ ಭಾರತದ ಪರ ಸ್ಪರ್ಧಿಸುತ್ತಾರೆ.

ಕಲಿಯುವ ಆಸೆ ಇರುವ ಹುಡುಗಿಯರಿಗೆ ಒಂದೆರಡು ಮಾತು. ಉಣಕಲ್ ಕೆರೆಯಂಥ ನೀರು ನೋಡಿ ಫಾಯಿಲ್ ಕನಸು ಕಾಣಬೇಡಿರಿ. ಕಂಬಕ್ಕೇ ಮೀಟರ್ ಹತ್ತಿರ ಆಳ ಬೇಕು, ಅಂತರಗಂಗೆ ಬೇರೆ ಸುತ್ತಿಕೊಳ್ಳುತ್ತದೆ. ಫಾಯಿಲ್ ಇಲ್ಲದ ಅಗಲ ಹಲಗೆಯಿಂದ ಶುರುಮಾಡಿ, ಹಾಯಿ ಸಣ್ಣದಿರಲಿ. ಗಾಳಿ ಬೆನ್ನಿಗೆ ಬೀಳುವಂತೆ ಹಲಗೆಯ ಮೇಲೆ ನಿಂತು ಹಗ್ಗ ಹಿಡಿದು ಹಾಯಿ ಎತ್ತಿರಿ. ಸೊಂಟ ಬಗ್ಗಿಸಿ ಜಗ್ಗಿದರೆ ಮಾರನೇ ದಿನ ಏಳಲಾಗುವುದಿಲ್ಲ. ಬೆನ್ನು ನೆಟ್ಟಗೆ ಇರಲಿ, ಮಂಡಿ ಬಗ್ಗಲಿ, ಮೈಭಾರ ಹಿಂದಕ್ಕೆ ಬಿಡಿ. ಹಾಯಿಯ ಮೇಲಿನ ನೀರು ಇಳಿಯುವ ತನಕ ಅವಸರ ಬೇಡ. ನೀರು ಜಾರಿತೆಂದರೆ ಹಾಯಿ ಹಗುರಾಗಿ ತಾನೇ ಏಳುತ್ತದೆ.

ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯಲ್ಲಿ ಇಳಿಯಲೇಬೇಡಿರಿ. ದಡದ ಹತ್ತಿರ ನೀರು ಕನ್ನಡಿಯಂತೆ ಶಾಂತ, ಐವತ್ತು ಮೀಟರ್ ಆಚೆ ಹೋದಂತೆ ಗಾಳಿ ಜೋರು, ವಾಪಸು ಬರಬೇಕಾದರೆ ಆ ಮುಚ್ಚಿದ ಬಾಗಿಲಿಗೇ ಎದುರಾಗಬೇಕು. ಲೈಫ್ ಜಾಕೆಟ್ ತೊಟ್ಟಿರಿ. ಸಿಕ್ಕಿಬಿದ್ದರೆ ಈಜಲು ಹೋಗದೆ ಹಲಗೆಯ ಮೇಲೆ ಕೂತು ಎರಡೂ ಕೈ ಮೇಲೆ ಕೆಳಗೆ ಬೀಸಿರಿ, ದೋಣಿ ಬರುತ್ತದೆ.

ನಮಸ್ಕಾರ.